ಅಂಗಡಿ ಶೆಟ್ಟರ ಹೊಟ್ಟೆಯ ಮೇಲಿನ ಸಂಬಳ

ಗೊಂಬೆ ಟ್ರಂಕಿಗೆ ಅದರದೇ ಒಂದು ವಾಸನೆ. ನುಸಿಗುಳಿಗೆ, ಒಣಗಿ ಪುಡಿಯಾದ ಬೇವಿನೆಲೆ, ಹಳೇ ಪೇಪರು, ಮರದ ಮೇಲಿನ ಬಣ್ಣ, ಎಲ್ಲ ಸೇರಿದ್ದು. ಮದುವೆಯಾಗಿ ಮೈಸೂರಿನ ಲಕ್ಷ್ಮೀಪುರಂನ ಈ ಮನೆಗೆ ಬಂದ ಮೊದಲ ವರ್ಷದಿಂದಲೂ ಆ ವಾಸನೆ ಮೂಗಿಗೆ ಬಡಿದರೆ ನವರಾತ್ರಿ ಬಂತು ಎಂದು ಮೈ ಹಗುರಾಗುತ್ತಿತ್ತು. ಈ ಸಲ ಮುಚ್ಚಳ ತೆಗೆದಾಗ ಸಿಟ್ಟು ಬಂತು. ನನ್ನಂಥ ಪುಕ್ಕಲಿಗೆ ಸಿಟ್ಟು ಬರುವುದೇ ಅಪರೂಪ. ನನಗೆ ಸಾಮಾನ್ಯವಾಗಿ ಬರುವುದು ಎದೆ ಡವಗುಟ್ಟುವಿಕೆ, ಅದಕ್ಕೆ ಮಾತ್ರೆಯೂ ಇದೆ.

ಹೋದ ವರ್ಷ ಹಬ್ಬಕ್ಕೆ ಸರಿಯಾಗಿ ದಾಯಾದಿಗಳ ಮನೆಯಲ್ಲಿ ಸಾವಾಗಿ ಗೊಂಬೆ ಕೂರಿಸಲಿಲ್ಲ. ಹಾಗಾಗಿ ಅದರ ಹಿಂದಿನ ವರ್ಷ ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ ಎರಡು ಮಳೆಗಾಲ ಕಳೆದಿತ್ತು. ಸುತ್ತಿದ್ದು ಪೇಪರಿನಲ್ಲಿ ಆಗಿದ್ದರೆ ತೇವ ಹೀರಿಕೊಳ್ಳುತ್ತಿತ್ತು. ನಾವು ಸುತ್ತಿದ್ದು ನುಣ್ಣನೆಯ, ಹೊಳೆಯುವ, ದಪ್ಪ ಕಾಗದದಲ್ಲಿ. ಪ್ರತಿ ಹಾಳೆಯ ಮೇಲೂ ನನ್ನ ಮಗಳು ನಗುತ್ತಿದ್ದಾಳೆ.

ಆ ವರ್ಷದ ಆಷಾಢದಿಂದ ಹೇಳುತ್ತೇನೆ.

ವಸುಧಾ ಎರಡು ವರ್ಷ ಉತ್ತರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳು ಎಂಬ ವಿಷಯದಲ್ಲಿ ಎಂ.ಎ. ಓದಿ ಮನೆಗೆ ಬಂದಿದ್ದಳು. ಅದನ್ನೇ ಏಕೆ ಓದಿದಳು ಎಂದರೆ ಒಂದು, ಅವಳಿಗೆ ಅದರ ಮೇಲೆ ನಿಜವಾದ ಪ್ರೀತಿ. ಇನ್ನೊಂದು, ನಮ್ಮನೆಯವರ ತಾತ. ಆ ತಾತ ಅರಮನೆಯ ಅತಿಥಿ ಇಲಾಖೆಯಲ್ಲಿದ್ದವರು. ಜರಿಪೇಟ ಕಟ್ಟಿ ನಿಂತ ಅವರ ಫೋಟೋ ಈಗಲೂ ನಡುಮನೆಯಲ್ಲಿದೆ. ವಿದೇಶಿ ದೊರೆಗಳನ್ನು ಸಂಭಾಳಿಸಿದ ವಂಶ ನಮ್ಮದು, ಇದು ರಕ್ತದಲ್ಲೇ ಬಂದದ್ದು ಎಂದು ನಮ್ಮನೆಯವರು ಮಗಳು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ಹೇಳುತ್ತಿದ್ದರು. ಅವರು ಪ್ರೌಢಶಾಲೆಯ ಇತಿಹಾಸದ ಮೇಷ್ಟ್ರು, ಹೇಳಿದ್ದನ್ನೇ ವರ್ಷವರ್ಷವೂ ಹೇಳುವ ಅಭ್ಯಾಸವುಂಟು. ದೊರೆಗಳು ಊಟ ಮುಗಿಸಿ ಎದ್ದ ಮೇಲೆ ಬೆಳ್ಳಿ ಚಮಚ ಎಣಿಸಿ ಬೀರುವಿಗಿಡುವುದೇ ತಾತನ ಕೆಲಸವಾಗಿತ್ತು ಎಂದು ನಮ್ಮ ಅತ್ತೆ ಸಾಯುವ ಮುಂಚೆ ನನ್ನ ಕಿವಿಯಲ್ಲಿ ಹೇಳಿದ್ದರು. ಆ ಕೆಲಸವನ್ನು ನಾನು ಹೀಗಳೆಯುತ್ತಿಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನೂ ಇಪ್ಪತ್ತೈದು ವರ್ಷದಿಂದ ಚಮಚವನ್ನೇ ಎಣಿಸುತ್ತಿದ್ದೇನೆ. ಆದರೆ ಚಮಚ ಎಣಿಸಿದವರ ಮರಿಮಗಳಿಗೆ ರಾಯಭಾರ ಒಲಿಯುತ್ತದೆ ಎಂದು ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆಯುವವರು ಇಡೀ ಮೈಸೂರಿನಲ್ಲಿ ನಾವೊಬ್ಬರೇ ಇರಬೇಕು.

ಜೊತೆ ಸಾಲಗಾರ್ತಿಯಾಗಿ ಸಹಿ ಹಾಕಿದ್ದು ನಾನು. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸು ಬರುವವಳು, ಮೋಡವಿಲ್ಲದ ದಿನವೂ ಕೊಡೆ ಹಿಡಿಯುವವಳು. ಆ ದಿನ ಮಾತ್ರ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ 'ನಮ್ಮ ಪದವೀಧರರ ಸರಾಸರಿ ಸಂಬಳ' ಎಂದು ದಪ್ಪಕ್ಷರದಲ್ಲಿದ್ದ ಅಂಕಿ ನೋಡಿ ತಣ್ಣಗೆ ಸಹಿ ಹಾಕಿದೆ. ಯಾರ ಯಾರ ಸಂಬಳದ ಸರಾಸರಿ, ಕೆಲಸ ಸಿಗದವರನ್ನು ಸೇರಿಸಿಯೋ ಬಿಟ್ಟೋ ಎಂದು ಅಲ್ಲಿ ಬರೆದಿರಲಿಲ್ಲ. ಕಾರ್ಖಾನೆಗೆ ಯಾವನಾದರೂ ಸರಬರಾಜುದಾರ ಇಂಥ ಬಿಲ್ಲು ತಂದಿದ್ದರೆ ಅವನ ಮುಖಕ್ಕೆ ಎಸೆಯುತ್ತಿದ್ದೆ.

ಓದು ಮುಗಿದ ಮೇಲೂ ಕಂತು ಕಟ್ಟದೆ ಇರಲು ಕೊಟ್ಟಿದ್ದ ಗಡುವು ಆಷಾಢದಲ್ಲಿ ಮುಗಿಯಿತು. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಎಂದು ನಮ್ಮಲ್ಲಿ ಶಾಸ್ತ್ರ. ಬ್ಯಾಂಕಿನವರು ಅಷ್ಟು ಮಡಿವಂತರಲ್ಲ. ಮೊದಲ ಶುಕ್ರವಾರ ಬೆಟ್ಟಕ್ಕೆ ಹೋಗುವ ಜನ ಜಿಟಿಜಿಟಿ ಮಳೆಯಲ್ಲಿ ಬಸ್ಸಿಗೆ ಸಾಲು ನಿಂತಿದ್ದರು, ನಾನು ಅದೇ ಸಾಲಿನ ಪಕ್ಕದಲ್ಲಿ ಮೇಟಗಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಆಗ ಫೋನು ಒಂದು ಸಲ ಗುಂಯ್ ಅಂದಿತು. ಮೊದಲ ಕಂತು ಕಡಿತ. ಅಲ್ಲೇ ನಿಂತು ಬೆಟ್ಟದ ಕಡೆ ನೋಡಿದೆ. ಮಂಜು ಮುಸುಕಿ ತಾಯಿಯೂ ಕಾಣಲಿಲ್ಲ.

ಮಳೆ ಹೊಯ್ಯುತ್ತಿತ್ತು, ವಸುಧಾ ಅರ್ಜಿ ಹಾಕುತ್ತಿದ್ದಳು. ದೆಹಲಿಯ ಸಂಶೋಧನಾ ಸಂಸ್ಥೆಗಳು ಕರೆದವು, ಒಳ್ಳೆಯ ಮಾತಾಡಿದವು, ಆರು ತಿಂಗಳು ಸಂಬಳವಿಲ್ಲದೆ ಬಾ ಎಂದವು. ಒಂದು ಸಂಸ್ಥೆ ಕೊಡುತ್ತೇನೆಂದ ಹಣ ಅಲ್ಲಿ ಹಾಸ್ಟೆಲಿನ ಮಂಚದ ಬಾಡಿಗೆಗೂ ಸಾಲದು. ಇನ್ನೊಂದು ಕಡೆ ನಾಲ್ಕು ಸುತ್ತು ಪರೀಕ್ಷೆ ಮಾಡಿ, ಅವಳು ಬರೆದ ಟಿಪ್ಪಣಿಯನ್ನು ಬೇರೆಯವರ ಹೆಸರಿನಲ್ಲಿ ಪ್ರಕಟಿಸಿ, ಆಮೇಲೆ ಫೋನನ್ನೇ ಎತ್ತಲಿಲ್ಲ. ಬಂಧುಗಳು ಬೇರೆ. ಪಾಸ್‌ಪೋರ್ಟ್ ಆಫೀಸಿನಲ್ಲಿ ಕೇಳಿನೋಡಬಾರದೇ ಎಂದವರೊಬ್ಬರು. ನಿಮ್ಮ ಹುಡುಗಿ ವಿದೇಶಾಂಗ ಓದಿದ್ದಾಳಲ್ಲ, ಜಂಬೂಸವಾರಿಗೆ ನಾಲ್ಕು ಪಾಸು ಕೊಡಿಸಿ ಎಂದವರು ಎಷ್ಟೋ ಜನ.

ಕಡೆಗೆ ಅವಳ ಓದಿಗೆ ಕೂಲಿ ಕೊಟ್ಟದ್ದು ನಮ್ಮೂರಿನ ಗೋಕುಲಂ ಬಡಾವಣೆ. ಯೋಗ ಕಲಿಯಲು ಬರುವ ವಿದೇಶಿಯರಿಗೆ ವೀಸಾ ಅವಧಿ ವಿಸ್ತರಿಸುವ ಅರ್ಜಿ ತುಂಬಿಕೊಡುವುದು, ಮನೆ ಬಾಡಿಗೆ ಕರಾರು ಮಾಡಿಸುವುದು, ಒಮ್ಮೊಮ್ಮೆ ಅವರಿಗೂ ಆಟೋದವರಿಗೂ ನಡುವೆ ಸಂಧಾನ. "ದ್ವಿಪಕ್ಷೀಯ ಮಾತುಕತೆ ಕಣಮ್ಮ" ಎಂದು ನಗುತ್ತಿದ್ದಳು. ಬರುತ್ತಿದ್ದ ಹಣ ಕಂತಿನ ಅರ್ಧವೂ ಆಗುತ್ತಿರಲಿಲ್ಲ, ಮಿಕ್ಕಿದ್ದು ನನ್ನ ಸಂಬಳದಿಂದ ಹೋಗುತ್ತಿತ್ತು. ಅಡುಗೆಮನೆ ಕಟ್ಟೆಯ ಮೇಲೆ ಕೂತು ಯಾವ ಸಮುದ್ರದಲ್ಲಿ ಯಾರು ಯಾಕೆ ಹಡಗು ತಡೆದಿದ್ದಾರೆ, ಅದರಿಂದ ನಮ್ಮ ಎಣ್ಣೆ ಬೆಲೆ ಹೇಗೆ ಏರುತ್ತದೆ ಎಂದು ಅವಳು ಬಿಡಿಸಿ ಹೇಳುವಾಗ ನಾನು ಒಗ್ಗರಣೆ ಸೀದುಹೋಗುವವರೆಗೆ ಕೇಳಿದ್ದೇನೆ. ಆ ವಿದ್ಯೆಯ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಅದಕ್ಕೆ ವಿಶ್ವವಿದ್ಯಾಲಯದವರು ಕಟ್ಟಿದ ಬೆಲೆ ಇದೆಯಲ್ಲ, ಆ ಬೆಲೆಗೆ ಅವರು ತೋರಿಸಿದ ಸಮಜಾಯಿಷಿ ಇದೆಯಲ್ಲ, ಕೋಪವೆಲ್ಲ ಅದರ ಮೇಲೆ.

ಗೌರಿ ಹಬ್ಬದ ಹೊತ್ತಿಗೆ ಒಂದು ಕೆಲಸ ಬಂತು. ಸಂಬಳ ಕಂತು ಕಟ್ಟಿ ಮಿಗುವಷ್ಟು. ಊರಲ್ಲೇ ಇರಬಹುದು. ಕೊಡುತ್ತೇವೆ ಎಂದದ್ದು ಅವಳು ಓದಿದ ವಿಶ್ವವಿದ್ಯಾಲಯವೇ. ಮೈಸೂರು, ಮಂಡ್ಯ, ಚಾಮರಾಜನಗರದ ಕಾಲೇಜುಗಳಿಗೆ ಹೋಗಿ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಮಾತಾಡಿಸಿ ಅದೇ ಕೋರ್ಸಿಗೆ ಸೇರಿಸಬೇಕು. ಪ್ರವೇಶ ಸಲಹೆಗಾರ್ತಿ ಎಂದು ಹುದ್ದೆಯ ಹೆಸರು. ವರ್ಷಕ್ಕೆ ಇಷ್ಟು ಜನರನ್ನು ಸೇರಿಸಲೇಬೇಕು, ಇಲ್ಲದಿದ್ದರೆ ಕೆಲಸವಿಲ್ಲ.

ಅಂದರೆ ಎರಡು ವರ್ಷ ಓದಿ, ಮನೆ ಒತ್ತೆಯಿಟ್ಟು ಪಡೆದ ಆ ಪದವಿಗೆ ಲೋಕದಲ್ಲಿ ಸಿಕ್ಕ ಅತಿ ಹೆಚ್ಚಿನ ಸಂಬಳ ಆ ಪದವಿಯನ್ನೇ ಇನ್ನೊಬ್ಬರಿಗೆ ಮಾರುವುದಕ್ಕೆ.

ಇದು ನನಗೆ ಅಂದು ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಳೆಯಿತು, ಮಾತ್ರೆ ನುಂಗಿ ಮಲಗಿದೆ. ಬೆಳಿಗ್ಗೆ ಎದ್ದು "ಸುಮ್ನೆ ಸೇರ್ಕೊಳ್ಳೇ, ಆಮೇಲೆ ಬೇರೆ ನೋಡ್ಕೋಬಹುದು" ಎಂದೆ. ಅವಳು ವಿಜಯದಶಮಿಯವರೆಗೆ ಸಮಯ ಕೇಳಿದ್ದೇನೆ ಎಂದಳು. ನಮ್ಮನೆಯವರು ತಾತನ ಫೋಟೋದ ಧೂಳು ಒರೆಸುತ್ತ ನಿಂತಿದ್ದರು. ಅವರು ಸುಮ್ಮನಿದ್ದದ್ದನ್ನು ಅದೇ ಮೊದಲು ನೋಡಿದ್ದು.

ಆ ಬೇಸರವನ್ನು ಅವರು ಗೊಂಬೆಯಲ್ಲಿ ಕಳೆದುಕೊಂಡರು. ಆ ನವರಾತ್ರಿಗೆ ನಮ್ಮ ಮನೆಯಲ್ಲಿ ವಿಶ್ವಸಂಸ್ಥೆ. ಮೇಲಿನ ಮೆಟ್ಟಿಲಲ್ಲಿ ಎಂದಿನಂತೆ ಪಟ್ಟದ ಗೊಂಬೆಗಳು, ರಾಜ ರಾಣಿ. ಕೆಳಗೆ ಅರ್ಧ ಚಂದ್ರಾಕಾರದ ಮೇಜು, ಸುತ್ತ ನಾನಾ ದೇಶದ ಬಾವುಟ, ಬಾವುಟದ ಹಿಂದೆ ಸಿಕ್ಕಿದ ಗೊಂಬೆ. ಪೊಲೀಸು, ಡೋಲಿನವನು, ಕೊರವಂಜಿ, ತಲೆ ಅಲ್ಲಾಡಿಸುವ ಅಜ್ಜ, ಎಲ್ಲರೂ ರಾಯಭಾರಿಗಳೇ. ಒಬ್ಬರು ಮಾತ್ರ ಮೇಜಿಗೆ ಹೊಂದಲಿಲ್ಲ. ಅವರು ಅಂಗಡಿ ಶೆಟ್ಟರು. ಪ್ರತಿ ಮನೆಯ ಗೊಂಬೆಯಲ್ಲೂ ಇರುತ್ತಾರಲ್ಲ, ಚಕ್ಕಂಬಕ್ಕಳ ಹಾಕಿ, ದೊಡ್ಡ ಹೊಟ್ಟೆ ಬಿಟ್ಟುಕೊಂಡು, ಮುಂದೆ ಅಕ್ಕಿ ಬೇಳೆ ಹರಡಿಕೊಂಡು ಕೂತವರು. ಅವರನ್ನು ವಿಶ್ವಸಂಸ್ಥೆಯ ಬಾಗಿಲಲ್ಲೇ ಕೂರಿಸಿದೆವು.

ಎರಡನೆಯ ದಿನ ವಿಶ್ವವಿದ್ಯಾಲಯದಿಂದ ನಿಶಾ ಎಂಬ ಹುಡುಗಿ ಬಂದಳು. ಕೆಲಸ ಕೊಡುತ್ತೇವೆಂದು ಫೋನು ಮಾಡಿದವಳು ಅವಳೇ. ಅವಳೂ ಅದೇ ಕೋರ್ಸು ಮಾಡಿದವಳು, ವಸುಧಾಗಿಂತ ಮೂರು ವರ್ಷ ಮುಂದೆ. ನಗುಮುಖದ, ಚುರುಕಾದ ಮಗು. ಉಗುರು ಮಾತ್ರ ಚರ್ಮದವರೆಗೆ ಕಚ್ಚಿಕೊಂಡಿದ್ದಳು. ನಾನೂ ಉಗುರು ಕಚ್ಚುವವಳೇ, ಆದ್ದರಿಂದ ಕಣ್ಣಿಗೆ ಬಿತ್ತು. ಗೊಂಬೆ ನೋಡಿ ಕುಣಿದಾಡಿದಳು. ವಸುಧಾ ಮೈಸೂರು ಸಿಲ್ಕ್ ಉಟ್ಟಿದ್ದಳು. ನಿಶಾ ಅವಳನ್ನು ವಿಶ್ವಸಂಸ್ಥೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಅರಿಶಿನ ಕುಂಕುಮ, ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸಿದೆ.

ನಾಲ್ಕು ದಿನ ಕಳೆಯುವುದರೊಳಗೆ ಆ ಫೋಟೋ ಊರೆಲ್ಲ ಫೋನಿನಲ್ಲಿ ಓಡಾಡಿತು. ಕೆಳಗೆ ಬರೆದಿತ್ತು: ನಮ್ಮ ಹೆಮ್ಮೆಯ ಪದವೀಧರೆ, ಮೈಸೂರಿನ ವಸುಧಾ, ವಿದೇಶಿಯರೊಂದಿಗೆ ಅಂತರರಾಷ್ಟ್ರೀಯ ವ್ಯವಹಾರ. ಅದರ ಕೆಳಗೆ ವಾರ್ಷಿಕ ಸಂಬಳ. ಅದು ಅವಳು ಇನ್ನೂ ಒಪ್ಪದ ಆ ಕೆಲಸದ ಸಂಬಳ. ಗೋಕುಲಂನ ವೀಸಾ ಅರ್ಜಿಯನ್ನೂ ಸೇರದ ಕೆಲಸದ ಸಂಬಳವನ್ನೂ ಹೊಲಿದು ಒಬ್ಬ ಹುಡುಗಿಯನ್ನು ಮಾಡಿದ್ದರು. ಆ ಅಂಕಿ ಈಗ ಅವರ ಸರಾಸರಿಯ ಒಳಗೂ ಹೋಗಿ ಕೂತಿರುತ್ತದೆ. ಹಿಂದಿನ ಸರಾಸರಿ ಎಲ್ಲಿಂದ ಬಂದಿತ್ತು ಎಂದು ನನಗೆ ಆಗ ಗೊತ್ತಾಯಿತು. ನಿಶಾಳ ಸಂಬಳ ನೋಡಿ ನಾನು ಸಹಿ ಹಾಕಿದ್ದೆ.

ವಸುಧಾ ಫೋನು ಮಾಡಿದಾಗ ನಿಶಾ ತಣ್ಣಗೆ, ಹೇಗಿದ್ದರೂ ಸೇರುತ್ತೀಯಲ್ಲ, ಈಗ ತೆಗೆಸಿದರೆ ನನಗೆ ತೊಂದರೆ ಎಂದಳಂತೆ. ವಸುಧಾ ಫೋನಿಟ್ಟು ಗೊಂಬೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ಸೇರುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕಂತಿನ ದಿನ ಹತ್ತಿರವಿತ್ತು. ನಾನು ಸಂಜೆಯ ಆರತಿಗೆ ಬತ್ತಿ ಹೊಸೆದೆ.

ಆಯುಧಪೂಜೆಯ ಸಂಜೆ ಮಹದೇವಸ್ವಾಮಿ ಬಂದರು. ನಮ್ಮ ಕಾರ್ಖಾನೆಯ ದುರಸ್ತಿ ವಿಭಾಗದವರು, ಮನೆ ಅಶೋಕಪುರಂನಲ್ಲಿ. ಬೆಳಿಗ್ಗೆ ಯಂತ್ರಗಳಿಗೆ ಬೂದುಗುಂಬಳ ಒಡೆದ ಕುಂಕುಮ ಹಣೆಯ ಮೇಲೆ ಹಾಗೇ ಇತ್ತು. ಕೈಯಲ್ಲಿ ಪುರಿ ಪೊಟ್ಟಣ, ಜೊತೆಗೆ ಮಗಳು ಕಾವ್ಯ, ಬಿ.ಎ. ಕಡೆಯ ವರ್ಷ. ಗೊಂಬೆ ನೋಡಲು ಬಂದೆವು ಎಂದರು, ಗೊಂಬೆಯನ್ನು ಸರಿಯಾಗಿ ನೋಡಲೂ ಇಲ್ಲ. ಜೇಬಿನಿಂದ ಫೋನು ತೆಗೆದು ಅದೇ ಫೋಟೋ ತೋರಿಸಿದರು.

"ಅಕೌಂಟ್ಸ್ ಮೇಡಂ ಮಗ್ಳು ಅಂತ ಗೊತ್ತಾದ್ಮೇಲೆ ನಮ್ಮನೇಲಿ ಒಂದೇ ಪಾರಾಯಣ ಕಣ್ರಮ್ಮ. ಇವ್ಳು ಮೂರ್ ದಿನದಿಂದ ಊಟನೇ ಸರ್ಯಾಗ್ ಮಾಡಿಲ್ಲ, ಅದೇ ಓದ್ತೀನಿ ಅಂತ. ಸೈಟ್ ಪತ್ರ ಇಟ್ಬುಡಾಣ ಅಂತ ಬ್ಯಾಂಕ್ನೋರ್ನ ಮಾತಾಡಿವ್ನಿ. ನೀವು ಕಾರ್ಖಾನೇಲಿ ನಂಗೆ ಒಂದ್ ಗ್ರೀಸ್ ಡಬ್ಬಿಗೂ ಮೂರ್ ಸಹಿ ಹಾಕುಸ್ತೀರಿ. ನೀವೇ ಸೇರುಸಿದೀರಿ ಅಂದ್ಮೇಲೆ ಇನ್ನೇನಿದೆ?"

ನೀವೇ ಸೇರಿಸಿದ್ದೀರಿ ಅಂದ ಮೇಲೆ. ನನ್ನ ಪುಕ್ಕಲುತನವೂ ವಿಶ್ವವಿದ್ಯಾಲಯದ ಜಾಹೀರಾತಿಗೆ ಸಾಕ್ಷಿಯಾಗಿ ಹೋಗಿತ್ತು.

ಆ ಹೊತ್ತಿಗೆ ನನಗೆ ಏನೆಲ್ಲ ಅನ್ನಿಸಿತು ಎಂದು ಹೇಳಿಬಿಡುತ್ತೇನೆ. ಕಾವ್ಯ ಸೇರಿದರೆ ವಸುಧಾಳ ಲೆಕ್ಕಕ್ಕೆ ಮೊದಲ ಹುಡುಗಿ ಬಂದಂತೆ. ಕಂತು ನಿಶ್ಚಿಂತೆ. ಮನೆ ಪತ್ರ ಭದ್ರ. ಕಾಫಿ ಲೋಟ ಹಿಡಿದು ನಿಂತಿದ್ದೆ. ಕೋರ್ಸು ಒಳ್ಳೆಯದೇ ಎಂದು ಶುರು ಮಾಡಿದೆ, ಅದು ಸುಳ್ಳೂ ಅಲ್ಲವಲ್ಲ. ಅಲ್ಲಿಗೇ ನಿಲ್ಲಿಸಿ ವಸುಧಾಳ ಕಡೆ ನೋಡಿದೆ. ನಮ್ಮನೆಯವರು ತಾತನ ಫೋಟೋ ನೋಡುತ್ತಿದ್ದರು. ತಾತ ಯಾರನ್ನೂ ನೋಡುತ್ತಿರಲಿಲ್ಲ.

ವಸುಧಾ ಕಾವ್ಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾಕೆ ಓದಬೇಕೆಂದಿದೆ ಎಂದು ಕೇಳಿದಳು. ಹುಡುಗಿ ಮೆಲ್ಲಗೆ ಶುರು ಮಾಡಿ, ನದಿ ನೀರಿನ ಒಪ್ಪಂದಗಳ ಬಗ್ಗೆ ಏನೇನೋ ಹೇಳಿದಳು. ನಮ್ಮ ಕಾವೇರಿ ಜಗಳವೇ ಹೀಗಿದ್ದರೆ ದೇಶ ದೇಶಗಳ ನಡುವಿನ ನದಿಗಳ ಗತಿಯೇನು ಎಂದು ಕೇಳಿದಳು. ಚೆನ್ನಾಗಿ ಕೇಳಿದಳು. ವಸುಧಾಳ ಮುಖ ಅರಳಿತು, ಆಮೇಲೆ ಮುದುಡಿತು. ಅವಳು ಬಾಗಿಲ ಗೊಂಬೆಯ ಕಡೆ ಕೈ ತೋರಿಸಿದಳು.

"ಈ ಮೇಜಿನ ಸುತ್ತ ಇಷ್ಟು ಜನ ಕೂತಿದಾರಲ್ಲ ಅಂಕಲ್, ಯಾರಿಗೂ ಸಂಬಳ ಇಲ್ಲ. ಸಂಪಾದ್ನೆ ಇರೋದು ಆ ಬಾಗಿಲಲ್ಲಿ ಕೂತಿರೋ ಶೆಟ್ಟರಿಗೆ. ಫೋಟೋದಲ್ಲಿರೋ ಆ ಸಂಬಳ ನಂಗಿನ್ನೂ ಬಂದಿಲ್ಲ. ಬರ್ಬೇಕು ಅಂದ್ರೆ ನಾನು ಕಾವ್ಯನ್ನ ಅಲ್ಲಿಗೆ ಸೇರಿಸ್ಬೇಕು. ಅದೇ ಆ ಕೆಲಸ."

ಗೋಕುಲಂನಲ್ಲಿ ತನಗೆ ಬರುವುದೆಷ್ಟು, ಕಂತು ಎಷ್ಟು, ಅಮ್ಮನ ಸಂಬಳದಿಂದ ಹೋಗುವುದೆಷ್ಟು, ಎಲ್ಲವನ್ನೂ ಹೇಳಿದಳು. ಬಂಧುಗಳ ಮುಂದೆ ನಾನು ಮುಚ್ಚಿಟ್ಟಿದ್ದ ಲೆಕ್ಕ ಅದು. ಅವಳು ಒಂದು ಕಡೆಯೂ ತಡವರಿಸಲಿಲ್ಲ.

ಮಹದೇವಸ್ವಾಮಿ ಪುರಿಯನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಕೇಳಿದರು. ಮುಗಿದ ಮೇಲೆ ಪೊಟ್ಟಣ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಬಹಳ ಸಮಾಧಾನದಿಂದ ಕೇಳಿದರು.

"ಅಂಗಂದ್ರೆ ನಮ್ ಕಾವ್ಯನ್ನ ಸೇರ್ಸುದ್ರೆ ನಿಮ್ಗೆ ಸಂಬ್ಳ. ಓದ್ ಮುಗುಸ್ಬುಟ್ಟು ನಮ್ ಕಾವ್ಯ ಯಾರ್ನ ಸೇರುಸ್ಬೇಕವ್ವಾ?"

ಆ ಪ್ರಶ್ನೆಗೆ ನಮ್ಮ ವಿಶ್ವಸಂಸ್ಥೆಯಲ್ಲಿ ತಲೆ ಅಲ್ಲಾಡಿಸುವ ಅಜ್ಜ ಮಾತ್ರ ಫ್ಯಾನಿನ ಗಾಳಿಗೆ ತಲೆ ಅಲ್ಲಾಡಿಸಿದ. ನನಗೆ ನಿಶಾಳ ಕಚ್ಚಿದ ಉಗುರು ಕಣ್ಣಿಗೆ ಕಟ್ಟಿತು. ಇನ್ನೊಬ್ಬರ ಮಗಳು. ಅವಳ ಮನೆಯಲ್ಲೂ ಯಾರೋ ಒಬ್ಬಳು ಫೋನು ಗುಂಯ್ ಅಂದಾಗಲೆಲ್ಲ ಎದೆ ಹಿಡಿದುಕೊಳ್ಳುತ್ತಿರುತ್ತಾಳೆ. ಆ ವಿಶ್ವವಿದ್ಯಾಲಯದ ದೊಡ್ಡವರು ಒಬ್ಬರೂ ಯಾರ ಮನೆಗೂ ಬರುವುದಿಲ್ಲ. ತಮ್ಮ ಸಾಲಗಾರ ಮಕ್ಕಳನ್ನೇ ಮುಂದಿನ ಸಾಲಗಾರರನ್ನು ಹಿಡಿದು ತರಲು ಕಳಿಸುತ್ತಾರೆ. ನಮ್ಮ ಮನೆಯ ಅರಿಶಿನ ಕುಂಕುಮ ತೆಗೆದುಕೊಂಡು, ನಮ್ಮ ಮಗಳ ನಗು ತೆಗೆದುಕೊಂಡು, ಅದನ್ನು ಅಶೋಕಪುರಂನ ಸೈಟಿನ ಪತ್ರಕ್ಕೆ ಗಾಳವಾಗಿ ಹಾಕುತ್ತಾರೆ. ಮಾತ್ರೆ ಹುಡುಕಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಪತ್ರ ಇಡಬೇಡಿ, ಸ್ವಾಮಿ. ನಾನು ಇಟ್ಟು ಕೂತಿದೀನಿ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಆ ಮನೆಯಲ್ಲಿ ಅದುವರೆಗೆ ಮಾತಾಡಿರಲಿಲ್ಲ. ನಮ್ಮನೆಯವರು ಬೆಚ್ಚಿ ತಿರುಗಿದರು.

ವಿಜಯದಶಮಿಯ ಬೆಳಿಗ್ಗೆ ವಸುಧಾ ಕೆಲಸ ಬೇಡವೆಂದು ತಿಳಿಸಿದಳು. ಫೋಟೋ ತೆಗೆಯಿರಿ ಎಂದು ಬರೆದಳು, ಮತ್ತೆ ಬರೆದಳು. ನಾನೂ ಬರೆದೆ, ಕಾರ್ಖಾನೆಯ ಬಾಕಿದಾರರಿಗೆ ಬರೆಯುವ ಕಟುವಾದ ಇಂಗ್ಲಿಷಿನಲ್ಲಿ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಯಂತ್ರ ಉತ್ತರಿಸಿತು. ಗೊಂಬೆ ಕಟ್ಟಿಡುವ ದಿನ ಕೊರಿಯರಿನವನು ಭಾರದ ಕಟ್ಟೊಂದನ್ನು ತಂದಿಟ್ಟು ಹೋದ. ಕಾಲೇಜುಗಳಲ್ಲಿ ಹಂಚಲು ಅವಳ ಹೆಸರಿಗೇ ಕಳಿಸಿದ ಕರಪತ್ರ, ಮೇಲೆ ಅದೇ ಫೋಟೋ, ಅದೇ ಸಂಬಳ. ಬೇಡವೆಂದದ್ದು ಅಲ್ಲಿ ಯಾರಿಗೂ ಮುಟ್ಟಿರಲಿಲ್ಲ, ಅಚ್ಚು ಮಾತ್ರ ಆಗಿಹೋಗಿತ್ತು. ವಸುಧಾ ಒಂದು ಹಾಳೆ ತೆಗೆದು ಅದರಲ್ಲಿ ಶೆಟ್ಟರನ್ನು ಸುತ್ತಿದಳು. ಆಮೇಲೆ ಮೂವರೂ ಕೂತು ಎಲ್ಲರನ್ನೂ ಸುತ್ತಿದೆವು.

ಕಾವ್ಯ ಇಲ್ಲೇ ನಮ್ಮೂರ ವಿಶ್ವವಿದ್ಯಾಲಯದ ಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಸೇರಿದಳು, ಸೈಟು ಮುಟ್ಟದೆ. ವಾರಕ್ಕೊಮ್ಮೆ ಬಂದು ವಸುಧಾಳ ಪುಸ್ತಕ ಒಯ್ಯುತ್ತಾಳೆ, ಇಬ್ಬರೂ ನದಿಗಳ ಮೇಲೆ ಜಗಳವಾಡುತ್ತಾರೆ. ವಸುಧಾ ಈಗಲೂ ಗೋಕುಲಂನಲ್ಲೇ ಇದ್ದಾಳೆ, ಸಂಜೆ ಸ್ಪರ್ಧಾ ಪರೀಕ್ಷೆಯವರಿಗೆ ಪಾಠ ಹೇಳುತ್ತಾಳೆ. ಕಂತು ಈಗಲೂ ಅರ್ಧ ನನ್ನದು. ಅವಳ ಫೋಟೋ ಈಗಲೂ ಅವಳು ಓದಿದ ವಿಶ್ವವಿದ್ಯಾಲಯದ ಜಾಹೀರಾತಿನಲ್ಲಿದೆ.

ಈ ಸಲ ಹಾಳೆ ಬಿಡಿಸಿದಾಗ ಬೇರೆ ಗೊಂಬೆಗಳು ಅಲ್ಲಿ ಇಲ್ಲಿ ಬಣ್ಣ ಕಿತ್ತುಕೊಂಡು ಬಂದವು. ಶೆಟ್ಟರದ್ದು ಬರಲೇ ಇಲ್ಲ. ಎರಡು ಮಳೆಗಾಲದ ತೇವಕ್ಕೆ ಕಾಗದ ಅವರ ಹೊಟ್ಟೆಗೆ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ಕಿತ್ತೆ. ಕಾಗದ ಹೋಯಿತು, ಮಸಿ ಉಳಿಯಿತು. ವಾರ್ಷಿಕ ಸಂಬಳದ ಆ ದಪ್ಪ ಅಂಕಿ, ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ, ಅವರ ಹೊಟ್ಟೆಯ ಮೇಲೆ ಕಪ್ಪಗೆ ಕೂತಿತ್ತು. ನಮ್ಮನೆಯವರು ಬಣ್ಣದ ಡಬ್ಬಿ ತರಲು ಎದ್ದರು. ಬೇಡ ಎಂದೆ.

ಈ ವರ್ಷ ವಿಶ್ವಸಂಸ್ಥೆ ಇಲ್ಲ. ಕೆಳಗಿನ ಮೆಟ್ಟಿಲಿನ ನಟ್ಟ ನಡುವೆ, ದೀಪದ ಪಕ್ಕ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಶೆಟ್ಟರನ್ನು ಕೂರಿಸಿದ್ದೇನೆ. ಬರುವವರೆಲ್ಲ ರಾಜ ರಾಣಿಯನ್ನು ಬಿಟ್ಟು ಅವರನ್ನೇ ನೋಡುತ್ತಾರೆ. ನಿನ್ನೆ ಪಕ್ಕದ ಬೀದಿಯಾಕೆ ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಬಗ್ಗಿ ನೋಡಿ, "ಇದೇನ್ ಆಂಟಿ, ಹೊಟ್ಟೆ ಮೇಲೆ ಬರ್ದಿರೋದು?" ಎಂದಳು.

ಬಾಗಿಲು ಮುಂದೆ ಮಾಡಿ, ಇಬ್ಬರಿಗೂ ಮಣೆ ಹಾಕಿ, ಕೂತುಕೊಳ್ಳಿ ಎಂದೆ.